ಬ್ಯಾಂಕಾಕ್: ಅಸೋಕ್‌ನಿಂದ ಹಳೇ ಊರಿಗೆ ಯಾವ ಸವಾರಿ ವಾಸಿ?

ಬ್ಯಾಂಕಾಕ್‌ನಲ್ಲಿ ನಾನು, ಅಮ್ಮ ಆರು ದಿನ ಇದ್ದೆವು. ರೂಮು ಮಾಡಿದ್ದು ಸುಖುಮ್‌ವಿತ್ ರಸ್ತೆಯ ಅಸೋಕ್ ಹತ್ತಿರ. ನೋಡಬೇಕು ಅಂದುಕೊಂಡಿದ್ದ ಗ್ರ್ಯಾಂಡ್ ಪ್ಯಾಲೇಸ್, ವಾಟ್ ಫೋ, ಹೊಳೆಯಾಚೆಯ ವಾಟ್ ಅರುಣ್ ಗುಡಿಗಳು ಎಲ್ಲ ಇರುವುದು ಹಳೇ ಊರಿನ ಕಡೆ, ಎಂಟು ಹತ್ತು ಕಿಲೋಮೀಟರ್ ದೂರ. ಅಮ್ಮನಿಗೆ ಅರವತ್ತೇಳು, ಎಡ ಮಂಡಿ ನೋವು ಬೇರೆ. ಹೆಚ್ಚುಕಮ್ಮಿ ದಿನಾ ಆ ಕಡೆ ಹೋಗಬೇಕಾಗಿ ಬಂದಿದ್ದರಿಂದ ಒಂದೊಂದು ದಿನ ಒಂದೊಂದು ಸವಾರಿ ಹಿಡಿದು ನೋಡಿದೆವು.

ಮೊದಲ ದಿನ ಟ್ಯಾಕ್ಸಿ. ಮೀಟರ್ ಶುರುವಾಗುವುದೇ 35 ಬಾತ್‌ಗೆ. ಒಂದು ಬಾತ್ ಅಂದರೆ ನಮ್ಮ ಎರಡೂವರೆ ರೂಪಾಯಿ ಮೇಲೆ. ಎಸಿ ತಂಪಾಗಿತ್ತು, ಸೀಟು ಮೆತ್ತಗಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಹತ್ತಿದವರು ವಾಟ್ ಫೋ ಮುಂದೆ ಇಳಿದಾಗ ಹನ್ನೊಂದು ಹತ್ತಿರ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬೆಳೆದವಳು ನಾನು, ಆದರೂ ಅಷ್ಟು ಹೊತ್ತು ಹಸಿರಾಗದ ಸಿಗ್ನಲ್ ನೋಡಿರಲಿಲ್ಲ. ರಾಚಪ್ರಸೋಂಗ್ ಸರ್ಕಲ್‌ನಲ್ಲಿ ನಿಂತಾಗ ಪಕ್ಕದಲ್ಲೇ ಎರಾವಣ್ ಗುಡಿ, ಚೆಂಡುಹೂವಿನ ಹಾರಗಳ ನಡುವೆ ನಾಲ್ಕು ಮುಖದ ಬ್ರಹ್ಮ. ಡ್ರೈವರ್ ಸ್ಟೀರಿಂಗ್ ಬಿಟ್ಟು ಕೈ ಮುಗಿದರು, ಹಿಂದಿನ ಸೀಟಿನಲ್ಲಿ ಅಮ್ಮನೂ ಮುಗಿದರು. ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ಪ್ರಯಾಣದಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಅದೊಂದೇ. ಲಗೇಜ್ ಇದ್ದಾಗ, ರಾತ್ರಿ ಹತ್ತರ ಮೇಲೆ ಟ್ಯಾಕ್ಸಿ ಸರಿ. ಹಗಲು ಹೊತ್ತು ಹಳೇ ಊರಿಗೆ ಬೇಡ.

ಎರಡನೇ ದಿನ ನೆಲದಡಿಯ ಮೆಟ್ರೋ, ಎಂಆರ್‌ಟಿ ನೀಲಿ ಲೈನ್. ಸುಖುಮ್‌ವಿತ್ ಸ್ಟೇಷನ್‌ನಲ್ಲಿ ಹತ್ತಿದರೆ ಎಲ್ಲೂ ಬದಲಾಯಿಸದೆ ಹಳೇ ಊರಿನ ಸನಾಮ್ ಚಾಯ್ ಸ್ಟೇಷನ್‌ನಲ್ಲಿ ಇಳಿಯಬಹುದು. 2019ರಲ್ಲಿ ಈ ಲೈನ್ ಮುಂದಕ್ಕೆ ಎಳೆದ ಮೇಲೆ ಬಂದ ಅನುಕೂಲ ಇದು. ಅರ್ಧ ಗಂಟೆಯೊಳಗೆ ತಲುಪಿದೆವು. ಎಸ್ಕಲೇಟರ್, ಲಿಫ್ಟ್ ಎರಡೂ ಇದ್ದವು, ಅಮ್ಮನ ಮಂಡಿಗೆ ಸುಖ. ಟಿಕೆಟ್ ಬದಲು ನನ್ನ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದೆ. ಅಮ್ಮನಿಗೆ ಕಪ್ಪು ಪ್ಲಾಸ್ಟಿಕ್ ಟೋಕನ್ ಕೊಂಡೆ. ಸನಾಮ್ ಚಾಯ್ ಸ್ಟೇಷನ್ ಒಳಗೆ ಅರಮನೆಯ ಹಜಾರದ ಹಾಗೆ ಚಿತ್ತಾರದ ಕಂಬಗಳ ಸಾಲು. ಮೇಲೆ ಬಂದು ಸ್ವಲ್ಪ ನಡೆದರೆ ಪಾಕ್ ಕ್ಲೋಂಗ್ ಹೂವಿನ ಮಾರ್ಕೆಟ್. ಅಲ್ಲಿ ಮಲ್ಲಿಗೆ ಮೊಗ್ಗನ್ನು ಉದ್ದನೆಯ ಸೂಜಿಗೆ ಪೋಣಿಸಿ ಹಾರ ಮಾಡುವುದನ್ನು ಅಮ್ಮ ನಿಂತು ನೋಡಿದ್ದೇ ಮುಕ್ಕಾಲು ಗಂಟೆ. ಹೊತ್ತು ಉಳಿಸಬೇಕು, ಜೊತೆಗೆ ವಯಸ್ಸಾದವರಿದ್ದಾರೆ ಅಂದರೆ ಮೆಟ್ರೋಗೆ ಸಾಟಿಯಿಲ್ಲ. ಕಿಟಕಿಯಲ್ಲಿ ನೋಡಲು ಏನೂ ಇರುವುದಿಲ್ಲ ಅನ್ನುವುದೊಂದೇ ಕೊರತೆ.

ಮೂರನೇ ದಿನ ಮಾಡಿದ್ದು ಸುತ್ತು ದಾರಿ, ನನಗೆ ಹಿಡಿಸಿದ್ದೂ ಅದೇ. ಅಸೋಕ್‌ನಲ್ಲಿ ಬಿಟಿಎಸ್ ಸ್ಕೈಟ್ರೇನ್ ಹತ್ತಿ, ಸಿಯಾಮ್‌ನಲ್ಲಿ ಬದಲಾಯಿಸಿ, ಸಫಾನ್ ತಾಕ್ಸಿನ್‌ನಲ್ಲಿ ಇಳಿದರೆ ಕೆಳಗೇ ಸಾಥೊರ್ನ್ ದೋಣಿ ಕಟ್ಟೆ. ಸ್ಕೈಟ್ರೇನ್ 1999ರಿಂದ ಓಡುತ್ತಿದೆ, ಅದರ ಗೇಟಿಗೆ ಬೇರೆ ಕಾರ್ಡು, ಮೆಟ್ರೋದ ಟೋಕನ್ ನಡೆಯುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಮೊದಲು 'ಸಥಾನಿ' ಅಂತ ಅನೌನ್ಸ್ ಮಾಡುತ್ತಾರೆ. "ಅದು ನಮ್ಮ ಸ್ಥಾನ ಅನ್ನೋ ಮಾತೇ ಅಲ್ವೇನೇ?" ಅಂದರು ಅಮ್ಮ. ಹೌದು, ಬೇರು ಒಂದೇ.

ಕಟ್ಟೆಯಲ್ಲಿ ಬಾವುಟದ ಬಣ್ಣ ನೋಡಿ ಹತ್ತಬೇಕು. ನೀಲಿ ಬಾವುಟದ್ದು ಪ್ರವಾಸಿಗರ ದೋಣಿ, ದರ ಜಾಸ್ತಿ. ಕಿತ್ತಳೆ ಬಾವುಟದ್ದು ಊರವರ ದೋಣಿ, ಎಲ್ಲಿ ಇಳಿದರೂ ನಾವು ಕೊಟ್ಟಿದ್ದು ತಲೆಗೆ 16 ಬಾತ್. ಕಂಡಕ್ಟರಮ್ಮ ಉದ್ದನೆಯ ತಗಡಿನ ಕೊಳವೆಯೊಳಗೆ ಚಿಲ್ಲರೆ ಕುಲುಕುತ್ತ ಬಂದರು, ಆ ಝಣಝಣ ಕೇಳಿದ ಕೂಡಲೇ ಎಲ್ಲರ ಕೈಯೂ ಜೇಬಿಗೆ. ಹಿಂಬದಿ ನಿಂತ ಹುಡುಗ ಸೀಟಿ ಊದಿ ಊದಿಯೇ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ಸನ್ಯಾಸಿಗಳಿಗೆ ಬೇರೆ ಜಾಗ ಬಿಟ್ಟಿರುತ್ತಾರೆ, ಅಲ್ಲಿ ನಿಲ್ಲಬಾರದು. ಕೂರಲು ಜಾಗ ಸಿಗಲಿಲ್ಲ, ಸೆಕೆ, ಮುಖಕ್ಕೆ ಹೊಳೆಯ ನೀರು ಬೇರೆ ಸಿಡಿಯುತ್ತಿತ್ತು. ಆದರೂ ಚಾವೊ ಫ್ರಾಯ ಹೊಳೆಯ ತಿರುವಿನಲ್ಲಿ ವಾಟ್ ಅರುಣ್ ಗೋಪುರ ಎದ್ದು ಬಂದಾಗ ಗೊತ್ತಾಯಿತು: ಈ ಊರು ಹೊಳೆಗೆ ಮುಖ ಮಾಡಿ ಬೆಳೆದದ್ದು, ರಸ್ತೆಯಲ್ಲಿ ಹೋದಾಗ ನಾವು ಅದರ ಹಿತ್ತಲನ್ನಷ್ಟೇ ನೋಡಿದ್ದೆವು. ಒಟ್ಟು ಒಂದೂಕಾಲು ಗಂಟೆ ಹಿಡಿಯಿತು, ಟ್ಯಾಕ್ಸಿಗಿಂತ ಹತ್ತೇ ನಿಮಿಷ ಕಡಿಮೆ. ಬೇಸರ ಮಾತ್ರ ಒಂದು ಕ್ಷಣವೂ ಆಗಲಿಲ್ಲ.

ನಾಲ್ಕನೇ ದಿನ ಅಮ್ಮ ರೂಮಿನಲ್ಲಿ ಸುಧಾರಿಸಿಕೊಂಡರು, ನಾನೊಬ್ಬಳೇ ಸೇನ್ ಸೇಪ್ ಕಾಲುವೆ ದೋಣಿ ಹಿಡಿದೆ. ಆಫೀಸಿಗೆ ಹೋಗುವವರ ದೋಣಿ ಅದು. ಕಟ್ಟೆಗೆ ತಾಗಿದ್ದೇ ಹತ್ತಬೇಕು, ಯಾರಿಗೂ ಕಾಯುವುದಿಲ್ಲ. ಹೆಲ್ಮೆಟ್ ಹಾಕಿಕೊಂಡ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೇ ನಡೆಯುತ್ತ ದುಡ್ಡು ವಸೂಲಿ ಮಾಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂತೆಂದರೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೆತ್ತಬೇಕು, ಇಲ್ಲವಾದರೆ ಆ ಕಪ್ಪು ನೀರು ಮೈಮೇಲೆ. ಪ್ರತುನಾಮ್‌ನಲ್ಲಿ ದೋಣಿ ಬದಲಾಯಿಸಿ, ಆಗ ಕೊನೆಯ ಕಟ್ಟೆಯಾಗಿದ್ದ ಪಾನ್‌ಫಾದಲ್ಲಿ ಇಳಿದೆ, ಗೋಲ್ಡನ್ ಮೌಂಟ್ ಗುಡ್ಡ ಅಲ್ಲೇ. ಮೇಲೆ ರಸ್ತೆಯಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದಾಗ ನಾವು ಸೇತುವೆಗಳ ಕೆಳಗೆ ನುಗ್ಗಿ ಹೋಗುತ್ತಿದ್ದೆವು. ಗಟ್ಟಿ ಕಾಲಿದ್ದವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗುವ ಧೈರ್ಯ ಮಾತ್ರ ನನಗಿಲ್ಲ. ರಾತ್ರಿ ಈ ದೋಣಿ ಓಡುವುದೂ ಇಲ್ಲ.

ಅಲ್ಲಿಂದ ಅರಮನೆ ಕಡೆಗೆ ಟುಕ್ ಟುಕ್, ಅಂದರೆ ಅಲ್ಲಿನ ಆಟೋ, ಕೇಳಿದೆ. "ಅರಮನೆ ಇವತ್ತು ಮುಚ್ಚಿದೆ, 20 ಬಾತ್ ಕೊಡು, ಬೇರೆ ಗುಡಿ ತೋರಿಸ್ತೀನಿ, ಒಂದು ಒಡವೆ ಅಂಗಡಿಗೂ ಹೋಗಿ ಬರೋಣ" ಅಂದ ಒಬ್ಬ. ನಂಬಬೇಡಿ. ರಾಜಮನೆತನದ ಸಮಾರಂಭಗಳ ದಿನ ಬಿಟ್ಟರೆ ಅರಮನೆ ವಾರವಿಡೀ ತೆರೆದಿರುತ್ತದೆ, ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ಟಿಕೆಟ್ ಕೊಡುತ್ತಾರೆ. ಟುಕ್ ಟುಕ್‌ಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಚೌಕಾಸಿ ಮುಗಿಸಬೇಕು. ಗಾಳಿಗೆ ಮುಖ ಕೊಟ್ಟು ಒಂದು ಸಲ ಹೋಗಲು ಚೆನ್ನ, ದಿನಾ ಓಡಾಡಲು ಅಲ್ಲ. ಕಿತ್ತಳೆ ಜಾಕೆಟ್‌ನ ಬೈಕ್ ಟ್ಯಾಕ್ಸಿಯವರು ಗಲ್ಲಿಯಿಂದ ಸ್ಟೇಷನ್‌ಗೆ ಬಿಡಲು ಸಾಕು. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ.

ಐದನೇ ದಿನ ಅರಮನೆ ನೋಡುವುದಿತ್ತು. "ಯಾವುದರಲ್ಲಿ ಹೋಗೋಣಮ್ಮ?" ಅಂದೆ. "ಆ ಚಿಲ್ಲರೆ ಕುಲುಕೋಳ ದೋಣೀಲೇ ಹೋಗೋಣ" ಅಂದರು. ಮೆಟ್ಟಿಲು ಜಾಸ್ತಿ ಅಂತ ನೆನಪಿಸಿದೆ, ಕೇಳಲಿಲ್ಲ. ಅರಮನೆ ಮುಗಿದ ಮೇಲೆ ಸಂಜೆ ಥಾ ತಿಯೆನ್ ಕಟ್ಟೆಗೆ ಬಂದೆವು. ಅಲ್ಲಿಂದ ಎದುರು ದಡದ ವಾಟ್ ಅರುಣ್‌ಗೆ 5 ಬಾತ್ ಕೊಟ್ಟರೆ ದಾಟಿಸುತ್ತಾರೆ. ಆ ಗುಡಿ ಮೂರನೇ ದಿನವೇ ನೋಡಿಯಾಗಿತ್ತು. ನಾನು ಬ್ಯಾಗಿನಲ್ಲಿ ಚಿಲ್ಲರೆ ಹುಡುಕುವಷ್ಟರಲ್ಲಿ ಅಮ್ಮ ಐದರ ನಾಣ್ಯ ಎರಡು ಮುಷ್ಟಿಯಲ್ಲಿ ಹಿಡಿದುಕೊಂಡು ಕೌಂಟರ್ ಮುಂದೆ ನಿಂತಿದ್ದರು.