ಮಕ್ಕಳ ಅಂಕ ಬಿಡಿಸಿ ನೋಡಲು: ಅಂಕವಹಿಯೋ, ಸ್ಯಾಟ್ಸೋ, ಗೂಗಲ್ ಶೀಟೋ?

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಯ ಅಂಕಗಳನ್ನು ಪ್ರವರ್ಗ, ಮನೆಮಾತು, ವಲಸೆ ಎಂದು ಬಿಡಿಸಿ ನೋಡಬೇಕಿದ್ದರೆ ಗೂಗಲ್ ಶೀಟನ್ನೇ ಹಿಡಿಯಿರಿ. ವಿಜಯಪುರ ಜಿಲ್ಲೆಯ ತಾಂಡಾ (ಲಂಬಾಣಿ ಜನರ ವಸತಿ) ಮಕ್ಕಳು ಬರುವ ಶಾಲೆಯ ಅಂಕಗಳನ್ನು ನಾಲ್ಕು ರೀತಿಯಲ್ಲಿ ಲೆಕ್ಕ ಹಾಕಿ ನೋಡಿದ ಮೇಲಿನ ಮಾತಿದು: ಕೈಬರಹದ ಅಂಕವಹಿ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ವರದಿ, ದುಡ್ಡು ಕೊಟ್ಟು ತಂದ ರಿಸಲ್ಟ್ ಸಾಫ್ಟ್‌ವೇರ್, ಗೂಗಲ್ ಶೀಟ್. ಮಕ್ಕಳು ಅವರೇ, ಅಂಕವೂ ಅದೇ. ಆದರೂ ಒಂದೊಂದರಿಂದ ಒಂದೊಂದು ಕಥೆ ಹೊರಬರುತ್ತದೆ, ಕೆಲವೊಮ್ಮೆ ಮಕ್ಕಳಿಗೆ ಅನ್ಯಾಯ ಮಾಡುವಂಥ ಕಥೆ.

ಸ್ಯಾಟ್ಸ್ ಬೇಡ ಎನ್ನುವ ಪ್ರಶ್ನೆಯೇ ಇಲ್ಲ. ದಾಖಲಾತಿ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲಕ್ಕೂ ಮಗುವಿನ ಸ್ಯಾಟ್ಸ್ ಸಂಖ್ಯೆ ಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ಮಕ್ಕಳ ಸಂಖ್ಯೆ ಎಷ್ಟೆಷ್ಟು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮೂಲ ಶಾಲೆಯಲ್ಲಿಲ್ಲ. ಕಲಿಕೆ ಏರಿತೋ ಇಳಿಯಿತೋ ನೋಡಲು ಮಾತ್ರ ಅದರಲ್ಲಿನ ಶ್ರೇಣಿಯನ್ನು ನಂಬಬೇಡಿ. 30ರಿಂದ 49ರವರೆಗೆ ಎಲ್ಲವೂ ಬಿ, 50ರಿಂದ 69ರವರೆಗೆ ಬಿ+. 31 ಇದ್ದ ಮಗು ಕಷ್ಟಪಟ್ಟು 48ಕ್ಕೆ ಬಂದರೂ ಶ್ರೇಣಿ ಕದಲುವುದಿಲ್ಲ. 49 ಇದ್ದ ಮಗು ಒಂದೇ ಅಂಕ ಹೆಚ್ಚು ತಗೊಂಡರೆ ಪ್ರಗತಿ ಕಾಣಿಸುತ್ತದೆ. ಹೋಲಿಸಬೇಕಾದ್ದು ಬಿಡಿ ಅಂಕಗಳನ್ನು.

ಈಗ ನಿಜವಾದ ತೊಡಕಿಗೆ ಬರೋಣ: ಸೊನ್ನೆ.

ದಸರಾ ರಜೆ ಮುಗಿಯುತ್ತಲೇ ಕಬ್ಬಿನ ಸೀಸನ್ ಶುರು. ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಾಗಲಕೋಟೆ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಗಡಿ ದಾಟಿ ಸಾಂಗ್ಲಿ, ಕೊಲ್ಹಾಪುರಕ್ಕೂ ಹೊರಡುತ್ತವೆ. ಮುಂಗಡ ತಗೊಂಡ ಮನೆಯವರು ಹೋಗಲೇಬೇಕು, ಜೊತೆಗೆ ಮಕ್ಕಳೂ. ಹಾಜರಿ ಕರೆದರೆ ಪಕ್ಕದ ಹುಡುಗ ಎದ್ದು ನಿಂತು ‘ಕಬ್ಬು ಕಡಿಯಾಕ ಹೋಗ್ಯಾನ್ರಿ ಸರ್’ ಅಂತಾನೆ. ಮೊದಲ ಸಂಕಲನಾತ್ಮಕ (ಅವಧಿಯ ಕೊನೆಯ) ಪರೀಕ್ಷೆ ದಸರೆಗೆ ಮುಂಚೆ ಮುಗಿದಿರುತ್ತದೆ, ಅದನ್ನು ಬಹುತೇಕ ಎಲ್ಲರೂ ಬರೆದಿರುತ್ತಾರೆ. ಆಮೇಲಿನ ಎರಡು ರೂಪಣಾತ್ಮಕ (ನಡುನಡುವಿನ ಕಿರು) ಪರೀಕ್ಷೆಗಳ ಹೊತ್ತಿಗೆ, ಎಷ್ಟೋ ಸಲ ಎರಡನೇ ಸಂಕಲನಾತ್ಮಕದ ಹೊತ್ತಿಗೂ, ಆ ಮಕ್ಕಳು ಊರಲ್ಲಿರುವುದಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಅಂಕದ ಮನೆ ಖಾಲಿ. ಖಾಲಿ ಬಿಡಬಾರದೆಂದು ಯಾರೋ ಸೊನ್ನೆ ಬರೆಯುತ್ತಾರೆ.

ಆ ಸೊನ್ನೆ ಏನು ಮಾಡುತ್ತದೆಂದು ಒಂದು ಉದಾಹರಣೆ ಇಟ್ಟುಕೊಂಡು ನೋಡಿ. ಏಳನೇ ತರಗತಿಯಲ್ಲಿ 32 ಮಕ್ಕಳು, 7 ಜನ ಕಬ್ಬಿಗೆ ಹೋಗಿದ್ದಾರೆ. ಬರೆದ 25 ಜನರ ಸರಾಸರಿ ನೂರಕ್ಕೆ 56. ಒಟ್ಟು 1400 ಅಂಕವನ್ನು 32ರಿಂದ ಭಾಗಿಸಿದರೆ 43.75. ಇಡೀ ತರಗತಿ 12 ಅಂಕ ಕುಸಿದಂತೆ ಕಾಣುತ್ತದೆ. ಇನ್ನು ಗುಂಪು ಬಿಡಿಸಿದರೆ ಕೆಡುಕು ಹೆಚ್ಚು. ಆ 32ರಲ್ಲಿ ತಾಂಡಾದವರು 10 ಜನ, ಹೋದ ಏಳೂ ಮಕ್ಕಳು ಅವರೇ. ಉಳಿದ ಮೂವರ ಅಂಕ 62, 55, 48, ಸರಾಸರಿ 55. ಊರ ಮಕ್ಕಳು 22 ಜನ, ಅವರ ಸರಾಸರಿ 56ಕ್ಕೆ ಚೂರು ಮೇಲೆ. ಬರೆದವರ ನಡುವಿನ ಅಂತರ ಒಂದೇ ಅಂಕ. ಸೊನ್ನೆ ಸೇರಿಸಿದರೆ ತಾಂಡಾದ ಸರಾಸರಿ 165 ಭಾಗಿಸು 10, ಅಂದರೆ 16.5. ಈ ಅಂಕಿಯನ್ನು ಸಭೆಯಲ್ಲಿ ಓದಿದರೆ ‘ಲಂಬಾಣಿ ಮಕ್ಕಳು ಹಿಂದೆ’ ಎಂಬ ಮಾತು ಹುಟ್ಟುತ್ತದೆ. ಮಕ್ಕಳ ಬುದ್ಧಿಯ ಮೇಲೆ ಹೊರಿಸಿದ ಈ ಮಾತಿಗೆ ಆಧಾರ ಒಂದು ತಪ್ಪು ಭಾಗಾಕಾರ. ಇದನ್ನು ಸಹಿಸಬಾರದು.

ಹಾಗೆಂದು 55 ಅಂತಲೂ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಉಳಿದ ಮೂವರು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಇದ್ದು ದಿನಾ ಶಾಲೆಗೆ ಬಂದವರು. ಹೋದ ಏಳು ಜನರ ಬಗ್ಗೆ ಅವರ ಅಂಕ ಏನೂ ಹೇಳುವುದಿಲ್ಲ. ಅದಕ್ಕೇ ಪ್ರತಿ ಸರಾಸರಿಯ ಪಕ್ಕ ‘ಬರೆದವರು 3, ಊರಲ್ಲಿಲ್ಲದವರು 7’ ಎಂದು ಇರಲೇಬೇಕು. ಮೊದಲ ಮತ್ತು ಎರಡನೇ ಸಂಕಲನಾತ್ಮಕವನ್ನು ಹೋಲಿಸುವಾಗ ಎರಡನ್ನೂ ಬರೆದವರನ್ನಷ್ಟೇ ತೆಗೆದುಕೊಳ್ಳಿ.

ಶೀಟಿನಲ್ಲಿ ಇದು ಸುಲಭ, ಆದರೆ ಅಲ್ಲೂ ಒಂದು ಗುಂಡಿ ಇದೆ. ಅವರೇಜ್ ಸೂತ್ರ ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸರಿ. 40 ಅಂಕದ ಪರೀಕ್ಷೆಯನ್ನು ಶೇಕಡಾಕ್ಕೆ ತರಲು ಪಕ್ಕದ ಕಾಲಮ್ಮಿನಲ್ಲಿ 40ರಿಂದ ಭಾಗಿಸಿ 100ರಿಂದ ಗುಣಿಸಿದರೆ, ಖಾಲಿ ಮನೆ ಅಲ್ಲಿ 0 ಆಗಿ ಹುಟ್ಟುತ್ತದೆ! ಆ ಕಾಲಮ್ಮಿನ ಸರಾಸರಿ ತೆಗೆದರೆ ಮತ್ತೆ ಅದೇ 43.75. ಗೈರಿಗೆ ‘ಗೈ’ ಎಂದು ಬರೆದಿದ್ದರೆ ಭಾಗಾಕಾರದ ಮನೆಯಲ್ಲಿ ದೋಷದ ಗುರುತು ಬಂದು ಇಡೀ ಸರಾಸರಿ ಕೆಡುತ್ತದೆ. ಮದ್ದು ಒಂದೇ: ಶೇಕಡಾ ಸೂತ್ರವನ್ನು ಇಫ್ ಮತ್ತು ಈಸ್‌ನಂಬರ್ (IF, ISNUMBER) ಒಳಗೆ ಕೂರಿಸಿ. ಮನೆಯಲ್ಲಿ ಅಂಕಿ ಇದ್ದರೆ ಭಾಗಿಸಲಿ, ಇಲ್ಲದಿದ್ದರೆ ಖಾಲಿ ಉದ್ಧರಣ ಚಿಹ್ನೆ ("") ಕೊಡಲಿ. ಗೈರಿನ ಕಾರಣಕ್ಕೆ ಬೇರೆಯೇ ಕಾಲಮ್ ಮಾಡಿ: ವಲಸೆ, ಕಾಯಿಲೆ, ಇತರೆ. ಬಂದು ಕೂತು ನಿಜಕ್ಕೂ ಸೊನ್ನೆ ತಗೊಂಡ ಮಗುವಿಗೆ ಮಾತ್ರ ಸೊನ್ನೆ.

ಎರಡನೇ ತೊಡಕು ಕನ್ನಡ ಅಕ್ಷರಗಳದ್ದು. ಒಬ್ಬರು ಲಂಬಾಣಿ, ಇನ್ನೊಬ್ಬರು ಲಮಾಣಿ, ಮತ್ತೊಬ್ಬರು ಬಂಜಾರ ಎಂದು ಬರೆದರೆ ಒಂದು ಗುಂಪು ಮೂರಾಗುತ್ತದೆ. ಪದದ ಕೊನೆಗೆ ಕಾಣದ ಒಂದು ಸ್ಪೇಸ್ ಇದ್ದರೂ ಸಾಕು, ಕೌಂಟ್‌ಇಫ್ಸ್ (COUNTIFS) ಸೂತ್ರದ ಎಣಿಕೆ ತಪ್ಪುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪ್ರವರ್ಗ, ಮನೆಮಾತು, ಗೈರಿನ ಕಾರಣ ಮೂರಕ್ಕೂ ಡೇಟಾ ವ್ಯಾಲಿಡೇಶನ್ ಹಾಕಿ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಟೈಪ್ ಮಾಡಲು ಬಿಡಲೇಬೇಡಿ.

ಮನೆಮಾತನ್ನು ದಾಖಲಾತಿ ವಹಿಯಿಂದ ಇಳಿಸಬೇಡಿ, ಅಲ್ಲಿ ಎಷ್ಟೋ ಮಕ್ಕಳಿಗೆ ಕಣ್ಣುಮುಚ್ಚಿ ಕನ್ನಡ ಎಂದು ಬರೆದಿರುತ್ತದೆ. ಮಗುವನ್ನೇ ಕೇಳಿ: ಮನೆಯಲ್ಲಿ ಅವ್ವನ ಜೊತೆ ಏನು ಮಾತಾಡುತ್ತೀ? ಲಂಬಾಣಿಯೋ, ಉರ್ದುವೋ, ಬೆಳಗಾವಿ ಕಡೆಯಾದರೆ ಮರಾಠಿಯೋ. ತಂದೆಯ ಉದ್ಯೋಗದ ಕಾಲಮ್ಮೂ ಹಾಗೆಯೇ, ಅರ್ಧ ಪಟ್ಟಿ ‘ಕೂಲಿ’. ಅದರ ಬದಲು ‘ದೀಪಾವಳಿಯಿಂದ ಯುಗಾದಿವರೆಗೆ ಮನೆಯವರು ಎಲ್ಲಿರುತ್ತಾರೆ’ ಎಂದು ಕೇಳಿದರೆ ಒಂದೇ ಉತ್ತರದಲ್ಲಿ ವರ್ಷದ ಅರ್ಧ ಸಂಗತಿ ಸಿಗುತ್ತದೆ.

ಅಂಕವಹಿಯ ದೊಡ್ಡ ಗುಣ, ಅದು ಕರೆಂಟು, ಸರ್ವರು ಯಾವುದನ್ನೂ ಕಾಯುವುದಿಲ್ಲ. ಅಳಿಸಿ ತಿದ್ದಿದ್ದೂ ಕಣ್ಣಿಗೆ ಕಾಣುತ್ತದೆ. ಮೂಲ ದಾಖಲೆ ಅದೇ ಆಗಿರಲಿ. ಸೋಲುವುದು ಬಿಡಿಸುವಾಗ. ಆರು ವಿಷಯ, ಆರು ಪರೀಕ್ಷೆ ಎಂದರೆ ಒಂದು ಮಗುವಿಗೆ ವರ್ಷಕ್ಕೆ 36 ಅಂಕಗಳು. ಮೂರು ತರಗತಿಯ 90 ಮಕ್ಕಳಿಗೆ 3240. ಕ್ಯಾಲ್ಕುಲೇಟರ್ ಹಿಡಿದು ಪ್ರವರ್ಗವಾರು ಕೂಡಿಸುತ್ತ ಕೂತರೆ ಪಾಠಕ್ಕೆ ಹೊತ್ತು ಉಳಿಯುವುದಿಲ್ಲ.

ದುಡ್ಡಿನ ಸಾಫ್ಟ್‌ವೇರಿಗೆ ಒಂದೇ ಮಾತು: ಬೇಡ. ಅಂಕಪಟ್ಟಿ ಅಂದವಾಗಿ ಅಚ್ಚಾಗುತ್ತದೆ, ಆದರೆ ತುಂಬಿದ ಮಾಹಿತಿಯನ್ನು ಎಕ್ಸೆಲ್ಲಿಗೆ ಇಳಿಸಿಕೊಳ್ಳಲು ದಾರಿ ಇರಲಿಲ್ಲ. ಮರುವರ್ಷ ನವೀಕರಣಕ್ಕೆ ಮತ್ತೆ ಹಣ.

ಒಟ್ಟು 30 ಮಕ್ಕಳೊಳಗಿನ ಶಾಲೆ, ಮೊಬೈಲಿನಲ್ಲಿ ಟೈಪ್ ಮಾಡುವ ರೂಢಿ ಇಲ್ಲದ ಶಿಕ್ಷಕರು ಎಂದಾದರೆ ಅಂಕವಹಿಯಲ್ಲೇ ಮುಂದುವರಿಯಿರಿ. ಗೈರಿಗೆ ಸೊನ್ನೆಯ ಬದಲು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪುಟದ ಕೆಳಗೆ ಬರೆದವರ ಸಂಖ್ಯೆ ನಮೂದಿಸಿದರೆ ಸಾಕು. ಅದಕ್ಕಿಂತ ದೊಡ್ಡ ಶಾಲೆಗೆ ಶೀಟು. ಒಂದು ಮಗುವಿಗೆ ಒಂದೇ ಸಾಲು, ಮೊದಲ ಕಾಲಮ್ಮಿನಲ್ಲಿ ಸ್ಯಾಟ್ಸ್ ಸಂಖ್ಯೆ. ಹೆಸರನ್ನು ಗುರುತಾಗಿ ಬಳಸಬೇಡಿ, ಒಂದೇ ತರಗತಿಯಲ್ಲಿ ಇಬ್ಬರು ಲಕ್ಷ್ಮೀಬಾಯಿ ರಾಠೋಡ ಇರುವುದು ಅಪರೂಪವಲ್ಲ. ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಶೇಕಡಾ ಬರೆಯಬೇಡಿ. ನಾಲ್ವರಲ್ಲಿ ಒಬ್ಬ ಮಗು ಎಂದರೆ ಶೇ 25, ಓದುವವರಿಗೆ ಅದು ದೊಡ್ಡ ಸಂಖ್ಯೆಯಂತೆ ಕಾಣುತ್ತದೆ.

ಶೀಟಿನ ಹಂಚಿಕೆ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಇರಕೂಡದು. ಮುಖ್ಯಗುರುಗಳು ಮತ್ತು ತರಗತಿ ಶಿಕ್ಷಕರ ಇಮೇಲಿಗಷ್ಟೇ ಕೊಡಿ. ಪಾಲಕರ ವಾಟ್ಸಾಪ್ ಗುಂಪಿಗೆ ಸಾರಾಂಶ ಹಾಕುವಾಗ ಜಾತಿ ಮತ್ತು ಹೆಸರಿನ ಕಾಲಮ್ ಮುಚ್ಚಿ ಕಳಿಸಿದರೆ ಸಾಲದು, ಮುಚ್ಚಿದ್ದನ್ನು ಯಾರು ಬೇಕಾದರೂ ತೆರೆಯಬಹುದು. ಬೇಕಾದ ನಾಲ್ಕು ಸಾಲನ್ನು ಹೊಸ ಶೀಟಿಗೆ ‘ಮೌಲ್ಯ ಮಾತ್ರ’ ಅಂಟಿಸಿ, ಅದನ್ನು ಪಿಡಿಎಫ್ ಮಾಡಿ ಕಳಿಸಿ.