ನೆಲಹಾಸಿನ ಮಳಿಗೆಯೊಂದರ ವಿಮರ್ಶೆ: ಸರಕು ಉತ್ತಮ, ಕೆಲಸ ಉತ್ತಮ, ಹೇಳಿದ ದಿನಾಂಕಗಳಿಗೆ ಮಾತ್ರ ಭರವಸೆಯಿಲ್ಲ

ಮನೆಯ ಹಳೆಯ ನೆಲವನ್ನು ತೆಗೆಸಿ ಹೊಸದನ್ನು ಹಾಕಿಸುವ ಕೆಲಸವನ್ನು ನಾವು ಮಾರಾಟ, ಸಾಗಣೆ, ಜೋಡಣೆ ಮೂರನ್ನೂ ತಾನೇ ನಿರ್ವಹಿಸುವ ಒಂದು ದೊಡ್ಡ ಮಳಿಗೆಗೆ ಒಪ್ಪಿಸಿದ್ದೆವು. ಹಾಲ್, ಊಟದ ಕೋಣೆ ಮತ್ತು ಓಡಾಟದ ಜಾಗಕ್ಕೆ ದೊಡ್ಡ ಅಳತೆಯ ವಿಟ್ರಿಫೈಡ್ ಟೈಲ್ಸ್, ಮಲಗುವ ಕೋಣೆಗಳಿಗೆ ಪದರಗಳನ್ನು ಅಂಟಿಸಿ ತಯಾರಿಸುವ ಇಂಜಿನಿಯರ್ಡ್ ಮರದ ಹಲಗೆ ಎಂದು ನಿಶ್ಚಯವಾಗಿತ್ತು. ಕೆಲಸ ಈಗ ಮುಗಿದಿದೆ. ಸರಕಿನ ಗುಣಮಟ್ಟ ಮತ್ತು ಜೋಡಿಸಿದವರ ಕುಶಲತೆಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಆದರೆ ಮಳಿಗೆ ಆರಂಭದಲ್ಲಿ ಕೊಟ್ಟ ಯಾವ ದಿನಾಂಕವೂ ನಿಲ್ಲಲಿಲ್ಲ. ಅದಕ್ಕಿಂತ ಗಂಭೀರವಾದದ್ದೆಂದರೆ, ತನ್ನಿಂದಾದ ವಿಳಂಬವನ್ನು ಸರಿದೂಗಿಸಲು ಅದು ಸೂಚಿಸಿದ ದಾರಿಗಳೆಲ್ಲವೂ ನೆಲವನ್ನೇ ಕೆಡಿಸುವಂಥವಾಗಿದ್ದವು. ಈ ವಿಮರ್ಶೆಯ ಬಹುಭಾಗವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಆಯ್ಕೆಯ ಹಂತದ ಬಗ್ಗೆ ದೂರುವಂಥದ್ದು ಏನೂ ಇಲ್ಲ. ಸ್ಯಾಂಪಲ್‌ಗಳನ್ನು ಮನೆಗೆ ಕೊಂಡೊಯ್ದು ಹಗಲಿನ ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ನೋಡಲು ಬಿಟ್ಟರು. ನಾವು ಕೇಳಿದ ತಾಂತ್ರಿಕ ಪತ್ರಿಕೆಯನ್ನು ತಕ್ಷಣ ತೋರಿಸಿದರು. ನಾವು ಆರಿಸಿದ ಟೈಲ್ಸ್ ಐಎಸ್ಒ 13006 ಮಾನದಂಡದ ಪ್ರಕಾರ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರದ ವರ್ಗಕ್ಕೆ ಸೇರಿದ್ದೆಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಅಳತೆ ತೆಗೆಯಲು ಬಂದವರು ಮೂಲೆ, ಕಂಬ, ಬಾಗಿಲ ಕಟ್ಟು ಯಾವುದನ್ನೂ ಬಿಡದೆ ಗುರುತು ಹಾಕಿಕೊಂಡರು. ನೇರ ಸಾಲಿನ ಜೋಡಣೆಗೆ ಶೇಕಡಾ 10ರಷ್ಟು ಹೆಚ್ಚುವರಿ ಟೈಲ್ಸ್ ಸಾಕು, ಓರೆಯಾಗಿ ಜೋಡಿಸುವುದಾದರೆ ಶೇಕಡಾ 15 ಬೇಕಾದೀತು ಎಂದು ತಾವಾಗಿಯೇ ತಿಳಿಸಿದರು.

ತೊಂದರೆ ಶುರುವಾದದ್ದು ಮುಂಗಡ ಕೊಟ್ಟ ಮೇಲೆ. ಆಯ್ಕೆಯ ದಿನ ಮಾರಾಟಗಾರರು ಕಂಪ್ಯೂಟರ್ ನೋಡಿ, ನಮಗೆ ಬೇಕಾದಷ್ಟು ಚದರ ಅಡಿ ಸರಕು ಲಭ್ಯವಿದೆ ಎಂದಿದ್ದರು. ಆ ಪರದೆಯ ಮೇಲಿದ್ದ ಅಂಕಿ ಮಳಿಗೆಯ ಗೋದಾಮಿನದ್ದಾಗಿರದೆ ವಿತರಕರ ಬೇರೆ ಬೇರೆ ಗೋದಾಮುಗಳ ಒಟ್ಟು ಮೊತ್ತವಾಗಿತ್ತು ಎಂಬುದು, ಹೇಳಿದ ದಿನ ಕಳೆದು ನಾವು ವಿಚಾರಿಸಿದಾಗ ಮಾತ್ರ ತಿಳಿಯಿತು. ಒಂದೇ ವಿನ್ಯಾಸದ ಟೈಲ್ಸ್ ಮೂರು ಕಡೆ ಸ್ವಲ್ಪಸ್ವಲ್ಪವಾಗಿ ಹಂಚಿಹೋಗಿದ್ದವು. ಅವು ಒಂದೇ ಸಲ ತಯಾರಾದವೇ ಎಂದು ಆ ತನಕ ಯಾರೂ ನೋಡಿರಲಿಲ್ಲ. ವಿತರಕರಿಂದ ವಿವರ ಬಂದಾಗ ಪೆಟ್ಟಿಗೆಗಳ ಮೇಲೆ ಬಣ್ಣದ ಛಾಯೆಯನ್ನು ಸೂಚಿಸುವ ಶೇಡ್ ಸಂಖ್ಯೆಗಳು ಬೇರೆಬೇರೆಯಾಗಿದ್ದವು.

ಟೈಲ್ಸ್ ಕಾರ್ಖಾನೆ ಒಂದೇ ವಿನ್ಯಾಸವನ್ನು ವರ್ಷವಿಡೀ ತಯಾರಿಸುತ್ತ ಕೂರುವುದಿಲ್ಲ. ಒಂದು ಸಲಕ್ಕೆ ಒಂದಿಷ್ಟು ತಯಾರಿಸಿ, ಅದು ಖಾಲಿಯಾಗುತ್ತ ಬಂದಾಗ ಮತ್ತೊಮ್ಮೆ ಕೈಗೆತ್ತಿಕೊಳ್ಳುತ್ತದೆ. ಮಣ್ಣಿನ ಮಿಶ್ರಣದಲ್ಲಿ, ಬಣ್ಣದಲ್ಲಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ತಾಪದ ಭಟ್ಟಿಯಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವೂ ಬಣ್ಣದ ಛಾಯೆಯನ್ನು ಬದಲಿಸುತ್ತದೆ, ಸುಟ್ಟಾಗ ಕುಗ್ಗುವ ಪ್ರಮಾಣವನ್ನೂ ಬದಲಿಸುತ್ತದೆ. ಈ ಕಾರಣಕ್ಕಾಗಿಯೇ ಪ್ರತಿ ಪೆಟ್ಟಿಗೆಯ ಮೇಲೆ ಶೇಡ್ ಸಂಖ್ಯೆ, ಯಾವ ಸಲದ ತಯಾರಿಕೆ ಎಂದು ತಿಳಿಸುವ ಬ್ಯಾಚ್ ಸಂಖ್ಯೆ ಮತ್ತು ನಿಖರ ಗಾತ್ರವನ್ನು ಸೂಚಿಸುವ ಕ್ಯಾಲಿಬರ್ ಗುರುತು ಇರುತ್ತದೆ. ಎರಡು ಬ್ಯಾಚಿನ ಟೈಲ್ಸ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದೇ ಎನ್ನಿಸಬಹುದು. ಉದ್ದನೆಯ ಹಾಲ್‌ನಲ್ಲಿ ಅಕ್ಕಪಕ್ಕ ಜೋಡಿಸಿ, ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಾಗ ಗೆರೆ ಎಳೆದಂತೆ ಬೇರ್ಪಟ್ಟು ಕಾಣುತ್ತವೆ. ಕ್ಯಾಲಿಬರ್ ಬೇರೆಯಾದರೆ ಸಂದುಗಳ ಸಾಲು ನಿಧಾನವಾಗಿ ತಪ್ಪುತ್ತ ಹೋಗಿ, ಕೋಣೆಯ ಇನ್ನೊಂದು ತುದಿಗೆ ಬರುವ ಹೊತ್ತಿಗೆ ಸಂದುಗಳನ್ನು ಸಮನಾಗಿಡಲು ನಡುವೆ ಇಡುವ ಯಾವ ಸ್ಪೇಸರ್ ಹಾಕಿದರೂ ಸರಿಪಡಿಸಲಾಗದಷ್ಟು ಓರೆಯಾಗಿರುತ್ತದೆ.

ಇಷ್ಟೆಲ್ಲ ಮಳಿಗೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರ ಮೊದಲ ಸಲಹೆ, ಹಾಲ್‌ಗೆ ಒಂದು ಬ್ಯಾಚ್, ಊಟದ ಕೋಣೆಗೆ ಮತ್ತೊಂದು ಬ್ಯಾಚ್ ಹಾಕಿ ಕೆಲಸ ಕೂಡಲೇ ಶುರುಮಾಡೋಣ ಎಂಬುದಾಗಿತ್ತು. ನಡುವೆ ಗೋಡೆಯೂ ಹೊಸ್ತಿಲೂ ಇರುವ ಮನೆಗಳಲ್ಲಿ ಇದನ್ನು ಪರಿಗಣಿಸಬಹುದೇನೋ; ನಮ್ಮಲ್ಲಿ ಆ ಎರಡು ಜಾಗಗಳ ನಡುವೆ ಅಡ್ಡವೇ ಇಲ್ಲ, ಅಳತೆ ತೆಗೆದ ನಕ್ಷೆಯಲ್ಲೂ ಅದು ಹಾಗೆಯೇ ದಾಖಲಾಗಿತ್ತು. ನಾವು ಒಪ್ಪಲಿಲ್ಲ. ಅನಂತರ ಎರಡೂ ಬ್ಯಾಚ್‌ಗಳನ್ನು ಬೆರೆಸಿ ಹಾಕಿದರೆ ವ್ಯತ್ಯಾಸ ಹಂಚಿಹೋಗಿ ಕಾಣುವುದಿಲ್ಲ ಎಂದರು. ಕಲ್ಲಿನಂತೆ ಒಂದೊಂದೂ ಬೇರೆಯಾಗಿ ಕಾಣುವ ವಿನ್ಯಾಸಗಳಲ್ಲಿ ಪೆಟ್ಟಿಗೆಗಳನ್ನು ಬೆರೆಸಿ ಜೋಡಿಸುವುದು ಸರಿಯಾದ ಕ್ರಮವೇ. ಆದರೆ ಆ ಬೆರಕೆ ಒಂದೇ ಶೇಡಿನ ಪೆಟ್ಟಿಗೆಗಳ ನಡುವೆ ಆಗಬೇಕು. ನಾವು ಆರಿಸಿದ್ದು ಒಂದೇ ಸಮನಾದ ತಿಳಿ ಬೂದು ಬಣ್ಣ. ಅದರಲ್ಲಿ ಎರಡು ಛಾಯೆ ಬೆರೆತರೆ ನೆಲವೆಲ್ಲ ಕಲೆಗಟ್ಟಿದಂತೆ ಕಾಣುತ್ತಿತ್ತು. ಕೊನೆಗೆ, ಎಲ್ಲವೂ ಒಂದೇ ಬ್ಯಾಚಿನದ್ದಾಗಿ ಬರುವ ತನಕ ಕಾಯುತ್ತೇವೆಂದೂ, ಇಳಿಸುವಾಗ ಪ್ರತಿ ಪೆಟ್ಟಿಗೆಯ ಗುರುತು ನೋಡಿಯೇ ಸ್ವೀಕರಿಸುತ್ತೇವೆಂದೂ ಬರೆದು ಕೊಟ್ಟೆವು. ಮಳಿಗೆ ಅದಕ್ಕೆ ಒಪ್ಪಿತು. ಕಾರ್ಖಾನೆಯ ಮುಂದಿನ ತಯಾರಿಕೆಯಿಂದ ಇಡೀ ಸರಕನ್ನು ಹೊಸದಾಗಿ ತರಿಸಿತು, ಹೆಚ್ಚುವರಿ ಸಾಗಣೆಯ ವೆಚ್ಚವನ್ನು ನಮ್ಮ ಮೇಲೆ ಹಾಕಲಿಲ್ಲ. ಇದು ಅವರ ಪರವಾಗಿ ಹೇಳಲೇಬೇಕಾದ ಮಾತು.

ಈ ಕಾಯುವಿಕೆ ಅನಿವಾರ್ಯವಾಗಿದ್ದರೂ ಆ ಅವಧಿಯಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ಮಳಿಗೆ ಮಾಡಲಿಲ್ಲ ಎಂಬುದು ನನ್ನ ಎರಡನೆಯ, ಮತ್ತು ದೊಡ್ಡ, ಆಕ್ಷೇಪ. ಮಲಗುವ ಕೋಣೆಗಳ ಹಳೆಯ ನೆಲವನ್ನು ಕಿತ್ತಾಗ ಅಡಿಯ ಮಟ್ಟ ಒಂದೇ ಸಮನಾಗಿರಲಿಲ್ಲ. ಅಲ್ಲಿ 50 ಮಿಲಿಮೀಟರ್ ದಪ್ಪದ ಹೊಸ ಸಿಮೆಂಟ್ ಸ್ಕ್ರೀಡ್, ಅಂದರೆ ನೆಲವನ್ನು ಸಮತಟ್ಟು ಮಾಡುವ ಗಾರೆಯ ಪದರ, ಹಾಕಬೇಕಿತ್ತು. ಇಂಥ ಸ್ಕ್ರೀಡ್ ಒಣಗುವ ವೇಗದ ಬಗ್ಗೆ ಕಟ್ಟಡ ಕೆಲಸದವರು ಒಪ್ಪಿಕೊಂಡಿರುವ ಅಂದಾಜು, ಒಳ್ಳೆಯ ಗಾಳಿಯಾಟವಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ದಪ್ಪ 50 ಮಿಲಿಮೀಟರ್ ದಾಟಿದರೆ ಇನ್ನೂ ನಿಧಾನ. ಅಂದರೆ ಹೆಚ್ಚುಕಡಿಮೆ 50 ದಿನ ಅದನ್ನು ಅದರ ಪಾಡಿಗೆ ಬಿಡಬೇಕು. ಮರದ ಹಲಗೆಗೂ ಟೈಲ್ಸ್‌ಗೂ ಯಾವ ಸಂಬಂಧವೂ ಇಲ್ಲದ್ದರಿಂದ, ಟೈಲ್ಸ್ ಬಾರದೆ ಕೆಲಸ ನಿಂತಿದ್ದ ಕಾಲದಲ್ಲೇ ಕೋಣೆಗಳಿಗೆ ಸ್ಕ್ರೀಡ್ ಹಾಕಿದ್ದರೆ ಆ ವಾರಗಳು ವ್ಯರ್ಥವಾಗುತ್ತಿರಲಿಲ್ಲ. ಗಾರೆ ಕೆಲಸದ ತಂಡವನ್ನು ಎರಡು ಸಲ ಕಳುಹಿಸುವುದನ್ನು ತಪ್ಪಿಸಲು ಮಳಿಗೆ ಎಲ್ಲವನ್ನೂ ಟೈಲ್ಸ್ ಬಂದ ದಿನಕ್ಕೆ ಗಂಟುಹಾಕಿತು. ಹೀಗೆ, ಒಂದರ ಜೊತೆಗೆ ಒಂದು ನಡೆಯಬೇಕಾದ ಎರಡು ಕಾಯುವಿಕೆಗಳು ಒಂದರ ಹಿಂದೆ ಒಂದು ಬಂದವು.

ಮಳಿಗೆಯ ವೇಳಾಪಟ್ಟಿಯಲ್ಲಿ ಸ್ಕ್ರೀಡ್ ಒಣಗಲು ಬಿಟ್ಟಿದ್ದ ಕಾಲ ಬೇಕಾದದ್ದರ ಅರ್ಧದಷ್ಟೂ ಇರಲಿಲ್ಲ. ಆಗಲೇ ತಡವಾಗಿದೆ, ನೆಲ ಗಟ್ಟಿಯಾಗಿದೆ, ಮುಟ್ಟಿದರೆ ಒಣಗಿದೆ, ಹಲಗೆ ಹಾಕಿಬಿಡೋಣ ಎಂದು ಕಚೇರಿಯಿಂದ ಕರೆ ಬಂತು. ಸಿಮೆಂಟ್ ಗಟ್ಟಿಯಾಗುವುದೂ ಒಣಗುವುದೂ ಬೇರೆಬೇರೆ ಕ್ರಿಯೆಗಳು. ಕಾಂಕ್ರೀಟಿನ ಬಲವನ್ನು ವಾಡಿಕೆಯಾಗಿ 28ನೆಯ ದಿನ ಅಳೆಯುತ್ತಾರೆ, ಆದರೆ ಆ ದಿನ ಅದರೊಳಗೆ ಸಾಕಷ್ಟು ತೇವ ಉಳಿದಿರುತ್ತದೆ. ಮೇಲ್ಮೈ ಬೇಗ ಒಣಗುವುದರಿಂದ ಕೈಯಿಂದ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಮರದ ನೆಲ ಹಾಕುವ ಮುನ್ನ ಸ್ಕ್ರೀಡಿನ ಸಾಪೇಕ್ಷ ಆರ್ದ್ರತೆ ಶೇಕಡಾ 75 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬುದು ವ್ಯಾಪಕವಾಗಿ ಅನುಸರಿಸುವ ಮಿತಿ, ಹಲಗೆಯ ಪೆಟ್ಟಿಗೆಯೊಳಗಿದ್ದ ತಯಾರಕರ ಸೂಚನಾ ಪತ್ರದಲ್ಲೂ ಅದೇ ಅಂಕಿ ಇತ್ತು. ಅದಕ್ಕಿಂತ ತೇವವಿರುವಾಗ ಹಾಕಿದರೆ ಹಲಗೆಯ ಅಡಿಭಾಗ ಹಿಗ್ಗಿ, ಅಂಚುಗಳು ಮೇಲೆದ್ದು, ಪ್ರತಿ ಹಲಗೆಯೂ ನಡುವೆ ತಗ್ಗಾಗುತ್ತದೆ. ಪದರಗಳನ್ನು ಅಡ್ಡಡ್ಡ ಅಂಟಿಸಿ ತಯಾರಿಸುವುದರಿಂದ ಇಂಜಿನಿಯರ್ಡ್ ಹಲಗೆ ಇಡೀ ಮರಕ್ಕಿಂತ ಕಡಿಮೆ ಅಲುಗುತ್ತದೆ ಎಂಬುದು ನಿಜ; ಒದ್ದೆ ನೆಲವನ್ನು ತಡೆದುಕೊಳ್ಳುತ್ತದೆ ಎಂದು ಅದರ ಅರ್ಥವಲ್ಲ.

ಈ ಹಂತದಲ್ಲಿ ನಮ್ಮನ್ನು ಕಾಪಾಡಿದವರು ಮಳಿಗೆಯವರೇ ಕಳುಹಿಸಿದ್ದ ಮೇಸ್ತ್ರಿ. ಕಚೇರಿಯ ಒತ್ತಡ ಅವರ ಮೇಲೂ ಇತ್ತು. ಅವರು ವಾದಕ್ಕೆ ಇಳಿಯದೆ ಸ್ಕ್ರೀಡಿನ ಮೇಲೆ ಚೌಕಾಕಾರದ ಪ್ಲಾಸ್ಟಿಕ್ ಹಾಳೆಯನ್ನು ಹರಡಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಮರುದಿನ ನಮ್ಮೆದುರಿಗೇ ಬಿಚ್ಚಿದರು. ಒಳಗೆ ನೀರಿನ ಹನಿಗಳು ಕೂತಿದ್ದವು, ಹಾಳೆಯಡಿಯ ನೆಲ ಕಪ್ಪಾಗಿತ್ತು. ಅದರ ಚಿತ್ರ ತೆಗೆದು ಅವರೇ ಕಚೇರಿಗೆ ಕಳುಹಿಸಿದರು. ಈ ಪರೀಕ್ಷೆ ತೇವವಿದೆ ಎಂಬುದನ್ನು ತೋರಿಸಬಲ್ಲದು, ಎಷ್ಟಿದೆ ಎಂದು ಹೇಳಲಾರದು; ಹಾಗಾಗಿ ಮುಂದೆ ಹಲಗೆ ಹಾಕುವ ಮುನ್ನ ಆರ್ದ್ರತೆ ಅಳೆಯುವ ಉಪಕರಣವನ್ನೂ ತರಿಸಿ, ಅಂಕಿ ಮಿತಿಯೊಳಗೆ ಬಂದದ್ದನ್ನು ಬರೆದಿಟ್ಟ ಮೇಲೆಯೇ ಕೆಲಸ ಶುರುಮಾಡಿದರು. ಸರಕನ್ನು ಮಾರುವವರಿಗಿಂತ ನೆಲವನ್ನು ಹಾಕುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕೆಂದು ನಾನು ನಂಬಿದ್ದೆ. ಇವರ ಕೆಲಸ ನೋಡಿದ ಮೇಲೆ ಆ ನಂಬಿಕೆ ಗಟ್ಟಿಯಾಗಿದೆ.

ಹಾಲ್‌ನ ಕೆಲಸದಲ್ಲೂ ಇದೇ ಶಿಸ್ತು ಕಂಡಿತು. ದೊಡ್ಡ ಟೈಲ್ಸ್‌ಗೆ ಅಡಿನೆಲ ಬಹಳ ಸಮತಟ್ಟಾಗಿರಬೇಕು. ಅವರು 2 ಮೀಟರ್ ಉದ್ದದ ನೇರಪಟ್ಟಿಯನ್ನು ಎಲ್ಲ ದಿಕ್ಕಿನಲ್ಲೂ ಇಟ್ಟು ನೋಡಿ, 3 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದ್ದ ಕಡೆಗಳನ್ನು ಮೊದಲು ತುಂಬಿಸಿದರು. ಇದಕ್ಕೆ ಹೆಚ್ಚು ಸಮಯ ಹಿಡಿಯಿತು, ಹಿಡಿಯಲೇಬೇಕಿತ್ತು. ಟೈಲ್ಸ್ ನಡುವಿನ ಸಂದುಗಳಿಗೆ ಗ್ರೌಟ್ ಎಂಬ ಗಾರೆ ತುಂಬುವ ವಿಚಾರದಲ್ಲಿ ಸಿಮೆಂಟ್ ಆಧಾರಿತ ಸಾಮಾನ್ಯ ಅಂಟಿಗೆ 24 ಗಂಟೆ ಸಾಕೆಂದು ಚೀಲದ ಮೇಲೆ ಬರೆದಿದ್ದರೂ ಅವರು ಇನ್ನೊಂದು ದಿನ ಬಿಟ್ಟರು. ನೀರು ಹೀರದ ಟೈಲ್ಸ್ ಅಂಟಿನ ತೇವವನ್ನು ಎಳೆದುಕೊಳ್ಳುವುದಿಲ್ಲ, ಟೈಲ್ಸ್ ದೊಡ್ಡದಾದಷ್ಟೂ ಆ ತೇವ ಹೊರಬೀಳಲು ಇರುವ ಸಂದುಗಳು ಕಡಿಮೆ, ಆದ್ದರಿಂದ ನಿಧಾನಿಸಬೇಕು ಎಂಬುದು ಅವರ ವಿವರಣೆ. ನೆಲದ ಎಲ್ಲ ಕಡೆ ತಟ್ಟಿ ನೋಡಿದ್ದೇನೆ, ಎಲ್ಲೂ ಟೊಳ್ಳು ಸದ್ದಿಲ್ಲ. ಕೋಣೆಗಳಲ್ಲಿ ಹಲಗೆಯ ಪೆಟ್ಟಿಗೆಗಳನ್ನು ಬಿಚ್ಚದೆ, ಮಲಗಿಸಿ, ತಯಾರಕರು ಹೇಳಿದ 48 ಗಂಟೆ ಅದೇ ಕೋಣೆಯಲ್ಲಿ ಇಟ್ಟ ನಂತರವೇ ಜೋಡಣೆ ನಡೆಯಿತು. ಗೋಡೆಯ ಸುತ್ತ 10 ಮಿಲಿಮೀಟರ್ ಸಂದು ಬಿಟ್ಟು, ಸ್ಕರ್ಟಿಂಗ್‌ನಿಂದ (ಗೋಡೆಯ ಬುಡದ ಪಟ್ಟಿಯಿಂದ) ಮುಚ್ಚಿದ್ದಾರೆ.

ಮಳಿಗೆಯ ಸಂವಹನದ ಬಗ್ಗೆ ಹೀಗೆ ಒಳ್ಳೆಯದನ್ನು ಹೇಳಲು ಸಾಧ್ಯವಿಲ್ಲ. ದಿನಾಂಕ ಮುಂದಕ್ಕೆ ಹೋಗುವುದು ಅವರಿಗೆ ಮೊದಲೇ ತಿಳಿದಿರುತ್ತಿತ್ತು. ನಾವು ಕರೆ ಮಾಡುವ ತನಕ ನಮಗೆ ತಿಳಿಯುತ್ತಿರಲಿಲ್ಲ. ಸರಕು ಹೊರಟಿದೆ ಎಂದು ಮಾರಾಟ ವಿಭಾಗ ಹೇಳಿದರೆ, ಇನ್ನೂ ಲೋಡ್ ಆಗಿಲ್ಲ ಎಂದು ಗೋದಾಮು ಹೇಳುತ್ತಿತ್ತು. ನೆಲ ಕಿತ್ತ ಮನೆಯಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ. ಪೀಠೋಪಕರಣ ಯಾವ ಕೋಣೆಗೆ ಸಾಗಿಸಬೇಕು, ಬಣ್ಣ ಬಳಿಯುವವರಿಗೆ ಯಾವ ದಿನ ಹೇಳಬೇಕು, ಧೂಳಿನಿಂದ ಕೆಮ್ಮುವ ಹಿರಿಯರನ್ನು ಎಷ್ಟು ದಿನ ಬೇರೆಡೆ ಇರಿಸಬೇಕು ಎಂಬ ಎಲ್ಲ ನಿರ್ಧಾರಗಳೂ ಆ ಒಂದು ದಿನಾಂಕವನ್ನು ಅವಲಂಬಿಸಿರುತ್ತವೆ. ತಡವಾಗುತ್ತದೆ ಎಂಬ ಸುದ್ದಿ ಸಕಾಲದಲ್ಲಿ ಬಂದಿದ್ದರೆ ನಾವು ಹಳೆಯ ನೆಲವನ್ನು ಕೀಳುವುದನ್ನೇ ಮುಂದೂಡಬಹುದಿತ್ತು. ಸರಕು ಮನೆಗೆ ಬಂದು, ಗುರುತು ಪರಿಶೀಲಿಸಿದ ಮೇಲೆಯೇ ಹಳೆಯ ನೆಲಕ್ಕೆ ಕೈಹಾಕಿಸಬೇಕೆಂದು ನೆಲ ಬದಲಿಸಲಿರುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಪೆಟ್ಟಿಗೆ ಇಡಲು ಜಾಗವಿಲ್ಲದವರು ಕನಿಷ್ಠ ಸರಕು ತಮ್ಮ ಹೆಸರಿನಲ್ಲಿ ಗೋದಾಮಿನಲ್ಲಿ ಬೇರೆ ತೆಗೆದಿಟ್ಟಿರುವುದನ್ನು ಬ್ಯಾಚ್ ಸಂಖ್ಯೆಯ ಸಮೇತ ಬರಹದಲ್ಲಿ ಪಡೆಯಬೇಕು.

ಆದೇಶದ ಪತ್ರದಲ್ಲಿ ಮಳಿಗೆ ಬರೆದುಕೊಟ್ಟಿದ್ದು ವಾರಗಳ ಲೆಕ್ಕ ಮಾತ್ರ. ಆ ಲೆಕ್ಕ ಮುಂಗಡ ಕೊಟ್ಟ ದಿನದಿಂದಲೋ, ಅಂತಿಮ ಅಳತೆಯ ದಿನದಿಂದಲೋ, ಸರಕು ಗೋದಾಮಿಗೆ ಬಂದ ದಿನದಿಂದಲೋ ಎಂದು ಇರಲಿಲ್ಲ, ಮತ್ತು ಪ್ರತಿ ಸಲ ಅದನ್ನು ತಮಗೆ ಅನುಕೂಲವಾದ ದಿನದಿಂದ ಎಣಿಸಿದರು. ವಿವಾದ ಬಂದ ಮೇಲೆ ಹೊಸ ಪತ್ರ ಮಾಡಿಸಿದಾಗ ನಾವು ಸರಕು ತಲುಪುವ ದಿನಾಂಕ, ಸ್ಕ್ರೀಡ್ ಒಣಗುವ ಅವಧಿ, ಜೋಡಣೆ ಶುರುವಾಗುವ ದಿನಾಂಕ ಇವನ್ನು ಬೇರೆಬೇರೆಯಾಗಿ ಬರೆಸಿದೆವು. ಉಳಿದ ಹಣದ ಒಂದು ಭಾಗ ಸರಕು ಸ್ವೀಕರಿಸಿದ ಮೇಲೆ, ಮತ್ತೊಂದು ಭಾಗ ಕೆಲಸ ಪರಿಶೀಲಿಸಿದ ಮೇಲೆ ಎಂದು ಹಂಚಿದೆವು. ಆ ಪತ್ರ ಆದ ನಂತರ ಮಳಿಗೆಯ ನಡವಳಿಕೆ ಗಮನಾರ್ಹವಾಗಿ ಸುಧಾರಿಸಿತು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಇಂಥ ಪತ್ರದಲ್ಲಿ ಸರಕು ತಲುಪುವ ದಿನಕ್ಕೆ ದಂಡ ವಿಧಿಸಲು ಕೇಳಬಹುದು, ಒಣಗುವ ಅವಧಿಗೆ ಯಾವ ಕಾರಣಕ್ಕೂ ಕೇಳಬಾರದು. ಆ ದಂಡ ತಪ್ಪಿಸಿಕೊಳ್ಳಲು ಅವರು ಒದ್ದೆ ನೆಲದ ಮೇಲೆಯೇ ಹಲಗೆ ಹಾಕುತ್ತಾರೆ.

ಟೈಲ್ಸ್ ಮತ್ತು ಮರ ಸೇರುವ ಬಾಗಿಲುಗಳ ಕೆಳಗೆ ಕೂರಿಸುವ ಲೋಹದ ಪಟ್ಟಿ ಎಲ್ಲಕ್ಕಿಂತ ಕೊನೆಗೆ ಬಂತು. ಬಣ್ಣ ಹೊಂದುವ ಪಟ್ಟಿ ಗೋದಾಮಿನಲ್ಲಿ ಇಲ್ಲವೆಂದೂ, ಇಂಥ ದಿನ ಬರುತ್ತದೆಂದೂ ಈ ಸಲ ಅವರೇ ಮುಂಚಿತವಾಗಿ ಬರೆದು ತಿಳಿಸಿದರು, ಹೇಳಿದ ದಿನಕ್ಕೆ ತಂದು ಕೂರಿಸಿದರು. ಉಳಿದ, ತೆರೆಯದ ಟೈಲ್ಸ್ ಪೆಟ್ಟಿಗೆಗಳನ್ನು ವಾಪಸ್ ಪಡೆದು ಹಣ ಹಿಂದಿರುಗಿಸಲು ಮಳಿಗೆ ಸಿದ್ಧವಿತ್ತು. ಮುಂದೆ ಒಂದೆರಡು ಟೈಲ್ಸ್ ಒಡೆದರೆ ಅದೇ ಬ್ಯಾಚ್ ಮತ್ತೆ ಸಿಗುವುದಿಲ್ಲವಾದ್ದರಿಂದ ಎರಡು ಪೆಟ್ಟಿಗೆಗಳನ್ನು ಚೀಟಿಯ ಸಮೇತ ಇಟ್ಟುಕೊಂಡು, ಮಿಕ್ಕವನ್ನು ಹಿಂದಿರುಗಿಸಿದೆವು. ಆ ಹಣ ತಕರಾರಿಲ್ಲದೆ ಬಂದಿದೆ.