ಪೋರ್ಟ್‌ಲ್ಯಾಂಡಿನ ಫಾರೆಸ್ಟ್ ಪಾರ್ಕ್: ಒಂಬತ್ತು ವರ್ಷ ಓಡಿದವನ ಅಭಿಪ್ರಾಯ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದೊಳಗಿರುವ ಫಾರೆಸ್ಟ್ ಪಾರ್ಕಿನ ದಾರಿಗಳಲ್ಲಿ ನಾನು ಒಂಬತ್ತು ವರ್ಷಗಳಿಂದ ಓಡುತ್ತಿದ್ದೇನೆ. ವಾರಕ್ಕೆ ಒಂದು ಓಟ ತಪ್ಪುವುದಿಲ್ಲ, ಬೇಸಿಗೆಯಲ್ಲಿ ಅದು ಎರಡಾಗುತ್ತದೆ. ಕೆಲಸದ ನಿಮಿತ್ತ ಹಿಲ್ಸ್‌ಬರೊ, ಬೀವರ್ಟನ್ ಕಡೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹೊಸದಾಗಿ ಓಡಲು ತೊಡಗಿದವರು ಈ ಉದ್ಯಾನದ ಹೆಸರು ಕೇಳಿದೊಡನೆ ಹಿಂಜರಿಯುವುದನ್ನು ಕಂಡಿದ್ದೇನೆ. ಅಷ್ಟೊಂದು ಗುಡ್ಡ, ಅಷ್ಟೊಂದು ಕಾಡು, ಅದರಲ್ಲಿ ನಡೆಯುವುದೇ ಕಷ್ಟವಿರುವಾಗ ಓಡುವುದೆಲ್ಲಿ ಬಂತು ಎಂಬುದು ಅವರ ಅಳುಕು. ಆ ಅಳುಕಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಓಡಬಹುದು, ಚೆನ್ನಾಗಿಯೇ ಓಡಬಹುದು. ಆದರೆ ಯಾವ ದಾರಿ, ಯಾವ ತಿಂಗಳು ಎಂಬುದನ್ನು ತಿಳಿದಿರಬೇಕು.

ಮೊದಲು ಗಾತ್ರದ ಮಾತು. ಉದ್ಯಾನದ ವಿಸ್ತಾರ ಸುಮಾರು 5,200 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆಯೆಂದು ಇಟ್ಟುಕೊಂಡರೆ ಇದರೊಳಗೆ ಇಪ್ಪತ್ತಕ್ಕೂ ಹೆಚ್ಚು ಲಾಲ್‌ಬಾಗ್‌ಗಳು ಹಿಡಿಸುತ್ತವೆ. ವಿಲಾಮೆಟ್ ನದಿಯ ಪಶ್ಚಿಮಕ್ಕೆ ಎದ್ದಿರುವ ಟುವಾಲಟಿನ್ ಬೆಟ್ಟಸಾಲಿನ ಪೂರ್ವದ ಮಗ್ಗುಲಿನುದ್ದಕ್ಕೂ ಉದ್ದನೆಯ ಪಟ್ಟಿಯಂತೆ ಹಬ್ಬಿರುವ ಈ ಕಾಡಿನಲ್ಲಿ ಕಾಲುದಾರಿ, ಬೆಂಕಿರೇಖೆ (ಕಾಳ್ಗಿಚ್ಚು ಹರಡದಂತೆ ಮರ ಕಡಿದು ತೆರವು ಮಾಡಿದ ಪಟ್ಟಿ), ಹಳೆಯ ಕಚ್ಚಾರಸ್ತೆ ಎಲ್ಲವೂ ಸೇರಿ 80 ಮೈಲಿಗೂ ಹೆಚ್ಚು ದಾರಿಗಳಿವೆ. ಪ್ರವೇಶಕ್ಕೆ ಶುಲ್ಕವಿಲ್ಲ.

ಓಟಗಾರನಿಗೆ ಮುಖ್ಯವಾದ ದಾರಿಯ ಹೆಸರು ವೈಲ್ಡ್‌ವುಡ್ ಟ್ರೇಲ್. ಉದ್ದ 30 ಮೈಲಿಗೆ ತುಸು ಹೆಚ್ಚು. ಇದನ್ನು ಕಡಿದಿರುವ ಕ್ರಮವೇ ಇದರ ದೊಡ್ಡ ಗುಣ. ಮಲೆನಾಡಿನಲ್ಲಿ ಗುಡ್ಡದ ಮೇಲಿನ ಒರತೆಯ ನೀರನ್ನು ತೋಟಕ್ಕೆ ತರಲು ದರೆಯ ಮಗ್ಗುಲಲ್ಲೇ, ನೀರು ನಿಲ್ಲದಷ್ಟು ಮಾತ್ರ ಇಳಿಜಾರು ಕೊಟ್ಟು, ಕಾಲುವೆ ಅಗೆಯುತ್ತಾರೆ; ವೈಲ್ಡ್‌ವುಡ್ ಬಹುಮಟ್ಟಿಗೆ ಹಾಗೆಯೇ ಬೆಟ್ಟದ ಮೈಯನ್ನು ಬಳಸಿಕೊಂಡು ಹೋಗುತ್ತದೆ. ಹಳ್ಳ ಬಂದಲ್ಲಿ ದಾರಿ ಒಳಕ್ಕೆ ತಿರುಗಿ, ಕಾಲುಸಂಕದ ಮೇಲೆ ದಾಟಿ, ಮತ್ತೆ ಹೊರಕ್ಕೆ ಬಂದು ಮುಂದಿನ ಮಡಿಕೆಯನ್ನು ಹಿಡಿಯುತ್ತದೆ. ಹೀಗಾಗಿ ಏರು ಎಲ್ಲಿಯೂ ಉಸಿರು ಕಟ್ಟಿಸುವಷ್ಟು ಕಡಿದಾಗುವುದು ಅಪರೂಪ. ನಕ್ಷೆಯಲ್ಲಿ ಕೂಗಳತೆಯಲ್ಲಿರುವಂತೆ ಕಾಣುವ ಎರಡು ಜಾಗಗಳ ನಡುವೆ ಎರಡು ಮೂರು ಮೈಲಿ ಓಡಬೇಕಾಗುವುದೂ ಇದೇ ಕಾರಣಕ್ಕೆ. ನೆಲ ಮೆತ್ತಗಿದೆ. ಡಾಂಬರಿನ ಮೇಲೆ ಓಡಿ ಮೊಣಕಾಲು ನೋಯಿಸಿಕೊಂಡು ಇಲ್ಲಿಗೆ ಬಂದವನು ನಾನು. ಮೊದಲ ಚಳಿಗಾಲ ಮುಗಿಯುವುದರೊಳಗೆ ಆ ನೋವು ಮರೆತುಹೋಗಿತ್ತು.

ವೈಲ್ಡ್‌ವುಡ್‌ನ ಉದ್ದಕ್ಕೂ ಮರಗಳ ಮೇಲೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ, ನೀಲಿ ಬಣ್ಣದ ವಜ್ರಾಕೃತಿಯ ಗುರುತುಗಳಿವೆ. ಕಾಲು ಮೈಲಿಗೊಂದರಂತೆ ದಕ್ಷಿಣದ ತುದಿಯಿಂದ ಎಷ್ಟು ದೂರವಾಯಿತೆಂಬ ಅಂಕಿಯನ್ನೂ ಅವುಗಳೊಂದಿಗೆ ಬರೆದಿದ್ದಾರೆ. ಮೊದಲ ವರ್ಷ ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೈಯಲ್ಲಿ ಜಿಪಿಎಸ್ ಗಡಿಯಾರವಿತ್ತು. ಆದರೆ ದಟ್ಟ ಮರಗಳ ಕೆಳಗೆ, ಅದರಲ್ಲೂ ಬಿಡದೆ ತಿರುಗುವ ದಾರಿಯಲ್ಲಿ, ಗಡಿಯಾರವು ತಿರುವುಗಳನ್ನು ಅಡ್ಡಕ್ಕೆ ಕತ್ತರಿಸಿ ಅಳೆಯುತ್ತದೆ. ಹತ್ತು ಮೈಲಿ ಓಡಿದ ದಿನ ಅದು ಒಂಬತ್ತರ ಆಸುಪಾಸಿನಲ್ಲಿ ನಿಂತಿರುತ್ತಿತ್ತು. ಈಗ ನಾನು ನಂಬುವುದು ಮರದ ಮೇಲಿನ ಅಂಕಿಯನ್ನೇ. ಮೊಬೈಲ್ ಸಿಗ್ನಲ್ ಹಳ್ಳಗಳ ಒಳಗೆ ಆಗಾಗ ಕೈಕೊಡುವುದರಿಂದ, ಬಿದ್ದು ಕಾಲು ಉಳುಕಿಸಿಕೊಂಡವನು ತಾನೆಲ್ಲಿದ್ದೇನೆಂದು ಇತರರಿಗೆ ತಿಳಿಸಲು ಸಹ ಇದಕ್ಕಿಂತ ಒಳ್ಳೆಯ ವಿಳಾಸವಿಲ್ಲ.

ಎರಡನೆಯ ಮುಖ್ಯ ದಾರಿ ಲೀಫ್ ಎರಿಕ್ಸನ್ ಡ್ರೈವ್. ಇದು ಥರ್ಮನ್ ಬೀದಿಯ ಕೊನೆಯಿಂದ ಜರ್ಮನ್‌ಟೌನ್ ರಸ್ತೆಯವರೆಗೆ ಸುಮಾರು 11 ಮೈಲಿ ಸಾಗುವ ಅಗಲವಾದ, ಜಲ್ಲಿಯ ರಸ್ತೆ. ಕಾರುಗಳಿಗೆ ಇಲ್ಲಿ ಪ್ರವೇಶವಿಲ್ಲ. ಇದರ ಹುಟ್ಟು ಒಂದು ವ್ಯವಹಾರದ ಸೋಲಿನಿಂದಾಯಿತು. ಬೆಟ್ಟದಲ್ಲಿ ಮನೆ ನಿವೇಶನಗಳನ್ನು ಮಾರುವ ಆಸೆಯಿಂದ 1915ರ ಹೊತ್ತಿಗೆ ಈ ರಸ್ತೆಯನ್ನು ಕಡಿದರು. ಮಳೆಗೆ ದರೆ ಕುಸಿಯಿತು, ರಸ್ತೆಯ ಖರ್ಚು ಏರಿತು, ನಿವೇಶನ ಕೊಂಡವರು ಕರ ಕಟ್ಟಲಾರದೆ ಕೈಬಿಟ್ಟರು, ಜಮೀನು ಸರ್ಕಾರದ ಪಾಲಾಯಿತು. ಉದ್ಯಾನ ವಿನ್ಯಾಸಕರಾದ ಓಲ್ಮ್‌ಸ್ಟೆಡ್ ಸಹೋದರರ ಸಂಸ್ಥೆ ಈ ಕಾಡನ್ನು ಉದ್ಯಾನವಾಗಿ ಉಳಿಸಿಕೊಳ್ಳಿರೆಂದು 1903ರಲ್ಲೇ ನಗರಕ್ಕೆ ಸಲಹೆ ಕೊಟ್ಟಿತ್ತು. ಅದು ಕೈಗೂಡಿದ್ದು 1948ರಲ್ಲಿ. ಕುಸಿಯುವ ಗುಣವನ್ನು ಬೆಟ್ಟ ಇಂದಿಗೂ ಬಿಟ್ಟಿಲ್ಲ. ಜೋರು ಮಳೆಯ ಚಳಿಗಾಲಗಳಲ್ಲಿ ಯಾವುದಾದರೊಂದು ದಾರಿ ಮುಚ್ಚಿರುವುದು ಸಾಮಾನ್ಯವಾದ್ದರಿಂದ, ಹೊರಡುವ ಮೊದಲು ನಗರದ ಉದ್ಯಾನ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಹೊಸಬರಿಗೆ ನಾನು ಹೇಳುವುದು ಲೀಫ್ ಎರಿಕ್ಸನ್‌ನಿಂದಲೇ ಆರಂಭಿಸಿ ಎಂದು. ಇಲ್ಲಿ ಬೇರುಗಳು ಎಡವಿಸುವುದಿಲ್ಲ, ಜೊತೆಗಾರನ ಪಕ್ಕದಲ್ಲೇ ಮಾತನಾಡುತ್ತ ಓಡಬಹುದು, ಮತ್ತು ಏರು ಇದೆಯೆಂಬುದು ಮರಳಿ ಬರುವಾಗ ಕಾಲು ಹಗುರಾದ ಮೇಲಷ್ಟೇ ತಿಳಿಯುತ್ತದೆ. ಸೈಕಲ್‌ಗಳಿಗೆ ಇಲ್ಲಿ ಅನುಮತಿಯುಂಟು, ವೈಲ್ಡ್‌ವುಡ್‌ನಲ್ಲಿ ಇಲ್ಲ. ಎರಡೂ ದಾರಿಗಳು ಬಹುದೂರ ಒಂದೇ ಇಳುಕಲಿನ ಮೇಲೆ, ಒಂದು ಮೇಲೆ ಒಂದು ಕೆಳಗೆ, ಸಾಗುವುದರಿಂದ ವೈಲ್ಡ್ ಚೆರ್ರಿ, ಡಾಗ್‌ವುಡ್, ಆಲ್ಡರ್ ಮುಂತಾದ ಕಿರುದಾರಿಗಳ ಮೂಲಕ ಮೇಲಕ್ಕೆ ಹತ್ತಿ, ವೈಲ್ಡ್‌ವುಡ್‌ನಲ್ಲಿ ಓಡಿ, ಇನ್ನೊಂದರಲ್ಲಿ ಕೆಳಗಿಳಿದು ಸುತ್ತು ಮುಗಿಸಬಹುದು. ಐದು ಮೈಲಿಯಿಂದ ಇಪ್ಪತ್ತು ಮೈಲಿಯವರೆಗೆ ಬೇಕಾದ ಅಳತೆಯ ಸುತ್ತುಗಳನ್ನು ಹೀಗೆ ಹೊಲಿದುಕೊಳ್ಳಬಹುದಾದ ಸೌಲಭ್ಯವೇ ನನ್ನನ್ನು ಇಷ್ಟು ವರ್ಷ ಬೇಸರವಿಲ್ಲದೆ ಹಿಡಿದಿಟ್ಟಿದೆ. ಬೆಂಕಿರೇಖೆಗಳ ಮಾತು ಬೇರೆ. ಅವು ಬೆಟ್ಟವನ್ನು ನೇರವಾಗಿ ಸೀಳಿಕೊಂಡು ಇಳಿಯುತ್ತವೆ. ತೊಡೆಗೆ ಕಸರತ್ತು ಬೇಕಾದವರು ಹೋಗಲಿ, ಹೊಸಬರು ಹೋಗುವುದು ಬೇಡ.

ಮಳೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನವರು ಇಲ್ಲಿ ಮೋಸಹೋಗುತ್ತಾರೆ. ನಾನು ತೀರ್ಥಹಳ್ಳಿಯ ಕಡೆಯವನು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯ ನೆರೆಯಲ್ಲಿ ಬೆಳೆದವನಿಗೆ ಪೋರ್ಟ್‌ಲ್ಯಾಂಡಿನ ಸುಮಾರು 900 ಮಿಲಿಮೀಟರ್ ಯಾವ ಲೆಕ್ಕವೆಂದು ನಗುತ್ತಲೇ ಬಂದೆ. ಆದರೆ ನಮ್ಮ ಮಳೆ ಬಡಿದು ಹೋಗುತ್ತದೆ, ಇಲ್ಲಿಯದು ಅಕ್ಟೋಬರಿನಿಂದ ಮೇ ತಿಂಗಳವರೆಗೆ ಜಿನುಗುತ್ತಲೇ ಇರುತ್ತದೆ. ಎಂಟು ತಿಂಗಳು ನೆಲ ಒಣಗುವುದೇ ಇಲ್ಲ. ವೈಲ್ಡ್‌ವುಡ್‌ನ ಕೆಲವು ಭಾಗಗಳಲ್ಲಿ, ವಿಶೇಷವಾಗಿ ಉತ್ತರಾರ್ಧದಲ್ಲಿ, ಕೆಸರು ಹಿಮ್ಮಡಿಯನ್ನು ಹಿಡಿದೆಳೆಯುತ್ತದೆ. ರಸ್ತೆಯ ಶೂಗಳಿಂದ ಇಲ್ಲಿ ಕೆಲಸವಾಗದು, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಟ್ರೇಲ್ ಶೂ ಬೇಕೇ ಬೇಕು. ಜಲನಿರೋಧಕ ಶೂ ಕೊಂಡು ನಾನು ಹಣ ಕಳೆದುಕೊಂಡೆ: ಹೊರಗಿನ ನೀರು ಒಳಬರದಂತೆ ತಡೆಯುವ ಶೂ, ಮೇಲಿನಿಂದ ಒಳಸೇರಿದ ನೀರನ್ನು ಹೊರಕ್ಕೂ ಬಿಡುವುದಿಲ್ಲ. ನೀರು ಸೋರಿಹೋಗುವ ಸಾಧಾರಣ ಜಾಲರಿಯ ಶೂ, ಉಣ್ಣೆಯ ಕಾಲುಚೀಲ, ಮನೆಗೆ ಬಂದ ಮೇಲೆ ಶೂ ಒಳಗೆ ತುರುಕಲು ಹಳೆಯ ವೃತ್ತಪತ್ರಿಕೆ, ಇಷ್ಟು ಸಾಕು. ಇಷ್ಟೆಲ್ಲ ಹಸಿಯಿದ್ದರೂ ಇಂಬಳ ಹತ್ತುವುದಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ. ಅದರ ಬದಲು ಬಾಳೆಹಣ್ಣಿನ ಬಣ್ಣ, ಆಕಾರಗಳ ಒಂದು ಬಸವನಹುಳು, ಮೇಲೆ ಚಿಪ್ಪಿಲ್ಲದ್ದು, ದಾರಿಗಡ್ಡ ಮಲಗಿರುತ್ತದೆ. ಅದು ಯಾರಿಗೂ ತೊಂದರೆ ಕೊಡದು; ತುಳಿದರೆ ಜಾರುವವರು ನಾವೇ.

ನವೆಂಬರಿನಲ್ಲಿ ದೊಡ್ಡೆಲೆಯ ಮೇಪಲ್ ಮರಗಳು ಊಟದ ತಟ್ಟೆಯಷ್ಟು ಅಗಲದ ಎಲೆಗಳನ್ನು ಉದುರಿಸುತ್ತವೆ. ಆ ದರಗಿನ ಅಡಿಯಲ್ಲಿ ಬೇರು, ಕಲ್ಲು, ಹೊಂಡ ಯಾವುದೂ ಕಾಣುವುದಿಲ್ಲ. ಒಂಬತ್ತು ವರ್ಷಗಳಲ್ಲಿ ನಾನು ಗಟ್ಟಿಯಾಗಿ ಬಿದ್ದದ್ದು ನಾಲ್ಕು ಸಲ, ಅದರಲ್ಲಿ ಮೂರು ನವೆಂಬರಿನವು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಡಗ್ಲಸ್ ಫರ್ ಮರಗಳ ಕೆಳಗೆ ಕತ್ತಲೆ ಅದಕ್ಕೂ ಮೊದಲೇ ಕವಿಯುತ್ತದೆ. ಕಚೇರಿ ಮುಗಿಸಿ ಓಡುವವರಿಗೆ ತಲೆದೀಪ ಅನಿವಾರ್ಯ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಟ್ರಿಲಿಯಮ್ ಎಂಬ ಮೂರೆಸಳಿನ ಬಿಳಿ ಹೂವು ದಾರಿಯ ಬದಿಗೆ ಅರಳುತ್ತದೆ, ಆಗ ಕೆಸರನ್ನು ಕ್ಷಮಿಸುವ ಮನಸ್ಸಾಗುತ್ತದೆ. ಬೇಸಿಗೆ ಪೂರ್ತಿ ಒಣಹವೆ. 2021ರ ಜೂನ್ 28ರಂದು ನಗರದ ಉಷ್ಣಾಂಶ 46 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಾತ್ರ ನಾನು ಇಲ್ಲಿಗೂ ಬರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಕಾಳ್ಗಿಚ್ಚಿನ ಹೊಗೆ ನಗರವನ್ನು ಮುಸುಕಿದಾಗಲೂ ಮನೆಯಲ್ಲೇ ಕೂತಿದ್ದೆ.

ಕೊರತೆಗಳೂ ಇವೆ. ಒಳಗಿನ ದಾರಿಗಳಲ್ಲಿ ಕುಡಿಯುವ ನೀರಿಲ್ಲ, ಕೆಲವು ಪ್ರವೇಶಸ್ಥಳಗಳನ್ನು ಬಿಟ್ಟರೆ ಶೌಚಾಲಯವೂ ಇಲ್ಲ. ಬಾಲ್ಚ್ ಹಳ್ಳದ ದಂಡೆಯಲ್ಲಿ 1930ರ ದಶಕದಲ್ಲಿ ಕಲ್ಲಿನಿಂದ ಕಟ್ಟಿದ ಶೌಚಾಲಯವೊಂದಿತ್ತು; 1962ರ ಬಿರುಗಾಳಿಗೆ ಹಾಳಾದ ಮೇಲೆ ಅದನ್ನು ದುರಸ್ತಿ ಮಾಡಲಿಲ್ಲ. ಚಾವಣಿಯಿಲ್ಲದ ಆ ಪಾಚಿಗಟ್ಟಿದ ಗೋಡೆಗಳನ್ನು ಜನ ಈಗ ಮಾಟಗಾತಿಯ ಕೋಟೆಯೆಂದು ಕರೆದು ಅದರೆದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಲೋವರ್ ಮೆಕ್ಲೇ ಪ್ರವೇಶದವರೆಗಿನ ಒಂದು ಮೈಲಿ ಶನಿವಾರ, ಭಾನುವಾರ ಜಾತ್ರೆಯಂತಿರುವುದರಿಂದ ಓಟಗಾರರು ಬೆಳಗಿನ ಎಂಟರೊಳಗೆ ದಾಟಿಬಿಡಬೇಕು. ನಾಯಿಗಳನ್ನು ಹಗ್ಗದಲ್ಲಿ ಹಿಡಿದಿರಬೇಕೆಂಬ ನಿಯಮವಿದೆ, ಪಾಲಿಸುವವರು ಎಲ್ಲರೂ ಅಲ್ಲ. ದಾರಿಯಂಚಿನಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಗಾಜನ್ನು ಒಮ್ಮೆ ಒಡೆದರು. ಒಳಗಿದ್ದದ್ದು ಒದ್ದೆ ಟವೆಲ್ಲು ಮತ್ತು ಅರ್ಧ ಚಕ್ಕುಲಿ ಪೊಟ್ಟಣ, ಕಳ್ಳ ಎರಡನ್ನೂ ಬಿಟ್ಟುಹೋಗಿದ್ದ. ದೃಶ್ಯಗಳನ್ನು ಬಯಸಿ ಬರುವವರಿಗೂ ನಿರಾಶೆ ಕಾದಿದೆ. ಮರಗಳ ಸಂದಿಯಲ್ಲಿ ಅಪರೂಪಕ್ಕೆ ನದಿ ಕಾಣುತ್ತದೆ, ಕೆಳಗಿನ ಕೈಗಾರಿಕಾ ಪ್ರದೇಶದ ಗೂಡ್ಸ್ ರೈಲುಗಳ ಸಿಳ್ಳೆ ಮಾತ್ರ ಧಾರಾಳವಾಗಿ ಕೇಳುತ್ತದೆ. ಬೆಟ್ಟದ ಮೇಲೆ 1914ರಲ್ಲಿ ಮುಗಿದ ಪಿಟಕ್ ಮಹಲಿನ ಅಂಗಳದಿಂದ ಮೌಂಟ್ ಹುಡ್ ಶಿಖರ ಚೆನ್ನಾಗಿ ಕಾಣುತ್ತದೆ, ಮೋಡವಿಲ್ಲದಿದ್ದರೆ.

ಒಂಬತ್ತು ವರ್ಷಗಳಲ್ಲಿ ಆದ ದೊಡ್ಡ ಸುಧಾರಣೆಯೆಂದರೆ ಬರ್ನ್‌ಸೈಡ್ ರಸ್ತೆಯ ಮೇಲಿನ ಬಾರ್ಬರಾ ವಾಕರ್ ಕಾಲುಸೇತುವೆ. 2019ಕ್ಕೆ ಮೊದಲು ವೈಲ್ಡ್‌ವುಡ್‌ನಲ್ಲಿ ಓಡುವವರು ಆ ರಸ್ತೆಯ ಅಂಚಿನಲ್ಲಿ ನಿಂತು, ತಿರುವಿನಿಂದ ನುಗ್ಗಿಬರುವ ಕಾರುಗಳ ನಡುವೆ ಸಂದು ನೋಡಿ ಹಾರಬೇಕಿತ್ತು. ಕಾಡಿನ ದಾರಿಯಲ್ಲಿ ನನಗೆ ನಿಜವಾಗಿ ಭಯವಾಗುತ್ತಿದ್ದ ಒಂದೇ ಜಾಗ ಅದಾಗಿತ್ತು. ಕಾರ್ನೆಲ್ ರಸ್ತೆಯನ್ನು ಈಗಲೂ ನೆಲದ ಮೇಲೆಯೇ ದಾಟಬೇಕು, ಎಚ್ಚರವಿರಲಿ.

ಕಾರು ಬೇಡವೆನ್ನುವವರಿಗೆ ನನ್ನ ಕ್ರಮವನ್ನು ಹೇಳುತ್ತೇನೆ. ಬೀವರ್ಟನ್ ಕಡೆಯಿಂದ ಮ್ಯಾಕ್ಸ್ ರೈಲಿನಲ್ಲಿ ವಾಷಿಂಗ್ಟನ್ ಪಾರ್ಕ್ ನಿಲ್ದಾಣಕ್ಕೆ ಬಂದು, ನೆಲದಿಂದ 260 ಅಡಿ ಆಳದಲ್ಲಿರುವ ಆ ನಿಲ್ದಾಣದಿಂದ ಲಿಫ್ಟಿನಲ್ಲಿ ಮೇಲೆ ಬಂದರೆ ವೈಲ್ಡ್‌ವುಡ್‌ನ ಸೊನ್ನೆ ಮೈಲಿ ಕೆಲವೇ ನಿಮಿಷಗಳ ನಡಿಗೆ. ಪೂರ್ತಿ 30 ಮೈಲಿಯನ್ನು ಒಂದೇ ದಿನ ಓಡುವ ಆಸೆಯುಳ್ಳವರು ಮಾತ್ರ ಇಲ್ಲಿಂದ ಹೊರಡಬಾರದು. ಉತ್ತರದ ನ್ಯೂಬೆರಿ ರಸ್ತೆಯ ತುದಿಯಲ್ಲಿ ನೀರಿಲ್ಲ, ಅಂಗಡಿಯಿಲ್ಲ. ಅಲ್ಲಿ ಓಟ ಮುಗಿಸಿದ ನಾನು ಕರೆದೊಯ್ಯಲು ಬರಬೇಕಾದ ಗೆಳೆಯನಿಗಾಗಿ ಮಳೆಯಲ್ಲಿ ಮುಕ್ಕಾಲು ಗಂಟೆ ನಡುಗುತ್ತ ನಿಂತಿದ್ದೆ. ಯಾರಿಂದಲಾದರೂ ಬೆಳಿಗ್ಗೆ ಅಲ್ಲಿಗೆ ಬಿಡಿಸಿಕೊಂಡು ದಕ್ಷಿಣಕ್ಕೆ ಓಡಿ: ಮರದ ಮೇಲಿನ ಅಂಕಿ ಮೂವತ್ತರಿಂದ ಇಳಿಯುತ್ತ ಬರುತ್ತದೆ, ಕೊನೆಯಲ್ಲಿ ರೈಲು ಸಿಗುತ್ತದೆ. ಒಂದೇ ತೊಡಕೆಂದರೆ, ಬಾಲ್ಚ್ ಹಳ್ಳದಿಂದ ಪಿಟಕ್ ಮಹಲಿನವರೆಗಿನ ಸುಮಾರು ಆರುನೂರು ಅಡಿಯ ಏರು ಆಗ ನಿಮಗೆ ಎದುರಾಗುವುದು ಇಪ್ಪತ್ತೈದು ಮೈಲಿ ಓಡಿದ ಕಾಲುಗಳಿಗೆ. ಅದಕ್ಕೆ ಒಂದಿಷ್ಟು ಬೆಲ್ಲ, ನೆಲಗಡಲೆ ಉಳಿಸಿಕೊಂಡಿರಿ.